ಕೆರೆ ಏರಿಯ ನಡಿಗೆ, ಬೆಟ್ಟದ ಏರುರಸ್ತೆ: ಆರು ತಿಂಗಳ ಹೋಲಿಕೆ

ಐವತ್ತೊಂದನೆಯ ವಯಸ್ಸಿನಲ್ಲಿ ಮಾಡಿಸಿದ ಟಿಎಂಟಿಯಲ್ಲಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯವನ್ನು ನೋಡುವ ಪರೀಕ್ಷೆಯಲ್ಲಿ, ಹೃದಯದ ದೋಷವೇನೂ ಕಾಣಲಿಲ್ಲ, ಆದರೆ ದಮ್ಮು ಸಾಲದೆಂಬುದು ಸ್ಪಷ್ಟವಾಯಿತು. ಅಂದು ನನ್ನ ಹೃದಯಬಡಿತ ನಿಮಿಷಕ್ಕೆ 172ರವರೆಗೆ ಏರಿತ್ತು. ಅದನ್ನೇ ಗರಿಷ್ಠವೆಂದು ಇಟ್ಟುಕೊಂಡು, ವೈದ್ಯರ ಒಪ್ಪಿಗೆ ಪಡೆದು, ಬಡಿತ ಅಳೆಯುವ ಪಟ್ಟಿಯನ್ನು ಎದೆಗೆ ಕಟ್ಟಿಕೊಂಡು, ಮೂರು ತಿಂಗಳು ಎಡೆಬಿಡದ ಬಿರುಸುನಡಿಗೆಯನ್ನೂ ಆಮೇಲೆ ಮೂರು ತಿಂಗಳು ಬಿಟ್ಟು ಬಿಟ್ಟು ಮಾಡುವ ಇಂಟರ್ವಲ್ ವ್ಯಾಯಾಮವನ್ನೂ ಅಭ್ಯಾಸ ಮಾಡಿದೆ.

ನಡಿಗೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಅನುಕೂಲವಾಗಿತ್ತು. ಗರಿಷ್ಠದ ಶೇಕಡ 70ರಿಂದ 75, ಅಂದರೆ 120ರಿಂದ 129ರ ನಡುವಿನ ಬಡಿತದಲ್ಲಿ ನಲವತ್ತೈದು ನಿಮಿಷ ನಡೆಯುತ್ತಿದ್ದೆ. ಇಂಟರ್ವಲ್‌ಗೆ ಚಾಮುಂಡಿ ಬೆಟ್ಟದ ಏರುರಸ್ತೆಯನ್ನು ಆರಿಸಿಕೊಂಡೆ: ಮೈ ಬಿಸಿಯಾದ ಮೇಲೆ ನಾಲ್ಕು ನಿಮಿಷ 155ಕ್ಕೆ ಮುಟ್ಟುವಂತೆ ಏರುವುದು, ಮೂರು ನಿಮಿಷ ನಿಧಾನವಾಗಿ ಇಳಿಯುವುದು, ಹೀಗೆ ನಾಲ್ಕು ಸಲ. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಉಲ್ರಿಕ್ ವಿಸ್ಲಾಫ್ ಮತ್ತು ಸಂಗಡಿಗರು ಬಳಸಿದ ಕ್ರಮವಿದು. ಹೃದಯ ವೈಫಲ್ಯವಿದ್ದ, ಅಂದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ದಬ್ಬಲಾರದ, 27 ರೋಗಿಗಳ ಮೇಲೆ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಇಂಟರ್ವಲ್ ಗುಂಪಿನಲ್ಲಿ ಶೇಕಡ 46ರಷ್ಟು ಹೆಚ್ಚಿದರೆ, ಸತತ ವ್ಯಾಯಾಮದವರಲ್ಲಿ ಶೇಕಡ 14ರಷ್ಟು ಮಾತ್ರ ಹೆಚ್ಚಿತ್ತು.

ನನಗೆ ಕಂಡದ್ದು ಇಷ್ಟು ನೇರವಾಗಿರಲಿಲ್ಲ. ಬೆಳಗ್ಗೆ ಹಾಸಿಗೆಯಲ್ಲೇ ಎಣಿಸುತ್ತಿದ್ದ ನಾಡಿ ನಡಿಗೆಯ ಮೂರು ತಿಂಗಳಲ್ಲೇ 76ರಿಂದ 69ಕ್ಕೆ ಇಳಿಯಿತು; ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದಬ್ಬಲು ಕಲಿತಾಗ, ವಿಶ್ರಾಂತಿಯಲ್ಲಿ ಅಷ್ಟೇ ರಕ್ತ ಹರಿಸಲು ಕಡಿಮೆ ಬಡಿತ ಸಾಕಾಗುತ್ತದೆ. ಬೆಟ್ಟದ ಅಭ್ಯಾಸದಿಂದ ಈ ಸಂಖ್ಯೆ ಮತ್ತೆ ಎರಡು ಮಾತ್ರ ಇಳಿಯಿತು. ಆದರೆ ಮೂರು ಮಹಡಿ ಹತ್ತಿದ ಮೇಲೆ ಏದುಸಿರು ಇಳಿಯುವ ವೇಗದಲ್ಲಿ ಇಂಟರ್ವಲ್ ಕೊಟ್ಟ ಲಾಭವನ್ನು ನಡಿಗೆ ಕೊಟ್ಟಿರಲಿಲ್ಲ. ನಡಿಗೆಯಿಂದ ಹದಗೊಂಡ ಹೃದಯದೊಂದಿಗೆ ಬೆಟ್ಟಕ್ಕೆ ಹೋದೆನಾದ್ದರಿಂದ ಆ ಲಾಭವನ್ನೆಲ್ಲ ಇಂಟರ್ವಲ್‌ನ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬಡಿತದ ದಾಖಲೆ. ಕೆರೆಯ ಬಳಿ ಜೊತೆಗಾರರಿದ್ದ ದಿನ ಅರಿವಿಲ್ಲದೆ 135 ದಾಟಿರುತ್ತಿದ್ದೆ. ಬೆಟ್ಟದಲ್ಲಿ, ಮೊದಲ ಐದಾರು ವಾರ, ಕಾಲು ಸೋತು ಮೂರನೆಯ ಮತ್ತು ನಾಲ್ಕನೆಯ ಏರಿನಲ್ಲಿ 148ರ ಆಚೆಗೆ ಹೋಗುತ್ತಲೇ ಇರಲಿಲ್ಲ. ಹೆಸರು ಬೇರೆಯಾದರೂ ಹೃದಯದ ಮೇಲೆ ಬಿದ್ದ ಹೊರೆಯ ಅಂತರ ನಾನೆಣಿಸಿದಷ್ಟು ಇರಲಿಲ್ಲ. ಯುರೋಪಿನ ಒಂಬತ್ತು ಕೇಂದ್ರಗಳಲ್ಲಿ 261 ಹೃದಯ ವೈಫಲ್ಯದ ರೋಗಿಗಳನ್ನು ಸೇರಿಸಿಕೊಂಡ ಸ್ಮಾರ್ಟೆಕ್ಸ್ ಅಧ್ಯಯನ 2017ರಲ್ಲಿ ತೋರಿಸಿದ್ದೂ ಇದನ್ನೇ: ಇಂಟರ್ವಲ್ ಗುಂಪಿನ ಶೇಕಡ 51 ಮಂದಿ ನಿಗದಿತ ತೀವ್ರತೆಗಿಂತ ಕೆಳಗೆ, ಸತತ ಗುಂಪಿನ ಶೇಕಡ 80 ಮಂದಿ ಅದಕ್ಕಿಂತ ಮೇಲೆ ವ್ಯಾಯಾಮ ಮಾಡಿದ್ದರು, ಮತ್ತು ಎರಡರ ಫಲದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಬಡಿತವನ್ನು ಅಳೆಯದೆ ಇವೆರಡರಲ್ಲಿ ಯಾವುದು ಮೇಲೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ.

ಈಗ ವಾರಕ್ಕೆ ಮೂರು ದಿನ ಕೆರೆ, ಎರಡು ದಿನ ಬೆಟ್ಟ. ನಿದ್ರೆಗೆಟ್ಟ ಮರುದಿನ ಬೆಟ್ಟದ ಸರದಿ ಬಂದರೂ ಕೆರೆಗೇ ಹೋಗುತ್ತೇನೆ.