ಮಾಲ್ಡೀವ್ಸ್ ಗ್ರೀನ್ ಟ್ಯಾಕ್ಸ್ ರಿವ್ಯೂ: ನಾವು ಕೊಡೋ ದುಡ್ಡು ಕಸಕ್ಕೆ ಸರಿಯಾಗಿ ಖರ್ಚಾಗ್ತಿದ್ಯಾ?

ಮಾಲ್ಡೀವ್ಸ್‌ಗೆ ಹೋಗ್ಬಂದವ್ರೆಲ್ಲ ರೂಮು, ಊಟ, ಸ್ನಾರ್ಕ್ಲಿಂಗ್ ಬಗ್ಗೆ ಬರೀತಾರೆ, ಬಿಲ್ಲಿನ ಕೆಳಗಡೆ ಇರೋ ಗ್ರೀನ್ ಟ್ಯಾಕ್ಸ್, ಅಂದ್ರೆ ಕಸ, ಪರಿಸರದ ಕೆಲ್ಸಕ್ಕೆ ಅಂತ ಟೂರಿಸ್ಟ್‌ಗಳಿಂದ ತಗೊಳೋ ತೆರಿಗೆ ಬಗ್ಗೆ ಯಾರೂ ಬರಿಯಲ್ಲ, ಅದಕ್ಕೇ ನಾನು ಅದೊಂದರ ಬಗ್ಗೆನೇ ಬರೀತಿದೀನಿ. 2025ರ ಜನವರಿಯಿಂದ ಇದು ಡಬಲ್ ಆಗಿದೆ. ರೆಸಾರ್ಟಲ್ಲಾದ್ರೆ ತಲೆಗೆ ದಿನಕ್ಕೆ 12 ಡಾಲರ್, ಊರಿನ ಜನ ಇರೋ ದ್ವೀಪದಲ್ಲಿ ಸಣ್ಣ ಗೆಸ್ಟ್‌ಹೌಸಲ್ಲಾದ್ರೆ 6 ಡಾಲರ್. ಗಂಡ ಹೆಂಡ್ತಿ ಗೆಸ್ಟ್‌ಹೌಸಲ್ಲಿ ಉಳ್ಕೊಂಡ್ರೂ ದಿನಕ್ಕೆ ಸಾವಿರ ರೂಪಾಯಿ ಇಟ್ಕೊಳಿ. ಬುಕಿಂಗ್ ಆಪಲ್ಲಿ ತೋರ್ಸೋ ರೇಟಲ್ಲಿ ಇದು ಸೇರಿದ್ಯಾ ಇಲ್ವಾ ಅಂತ ಮೊದ್ಲೇ ಕೇಳ್ಕೊಳಿ, ನಮ್ಗೆ ಚೆಕೌಟ್ ಟೈಮಲ್ಲಿ ಸೇರಿಸಿದ್ರು.

ದುಡ್ಡು ಜಾಸ್ತಿ ಅಂತ ನನ್ನ ತಕರಾರಿಲ್ಲ. ಆ ದೇಶದ ಜನಸಂಖ್ಯೆ 5 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, 2024ರಲ್ಲಿ ಬಂದ ಟೂರಿಸ್ಟ್‌ಗಳೇ 20 ಲಕ್ಷದ ಮೇಲೆ, ಇಷ್ಟು ಜನ ಬಿಟ್ಟು ಹೋಗೋ ಕಸ ಹಾಕೋಕೆ ಅವ್ರ ಹತ್ರ ನೆಲಾನೇ ಇಲ್ಲ. ರಾಜಧಾನಿ ಮಾಲೆ ಹತ್ರ ತಿಲಫುಶಿ ಅಂತ ಒಂದು ಕಸದ ದ್ವೀಪ ಇದೆ, ಅಲ್ಲಿ ಮೊದ್ಲು ಇದ್ದಿದ್ದು ಬರೀ ಆಳ ಇಲ್ಲದ ನೀರು, 1992ರಿಂದ ಕಸ ಸುರಿದೂ ಸುರಿದೂ ದ್ವೀಪ ಆಗಿದೆ. ವರ್ಷಗಟ್ಟಲೆ ಅಲ್ಲಿ ಬಯಲಲ್ಲೇ ಸುಡ್ತಿದ್ರು, ಗಾಳಿ ತಿರುಗಿದ್ರೆ ಹೊಗೆ ಮಾಲೆಗೇ ಬರ್ತಿತ್ತು. 2021ರಲ್ಲಿ ಅದನ್ನ ನಿಲ್ಲಿಸಿದ್ರು, ಇದು ನಿಜವಾಗ್ಲೂ ದೊಡ್ಡ ಕೆಲ್ಸ, ಇದಕ್ಕೆ ಫುಲ್ ಮಾರ್ಕ್ಸ್.

ಅಲ್ಲೇ ಕಸದಿಂದ ಕರೆಂಟ್ ಮಾಡೋ ಪ್ಲಾಂಟ್‌ಗೆ 2020ರಲ್ಲಿ ಪ್ಲಾನ್ ಆಯ್ತು, ದಿನಕ್ಕೆ 500 ಟನ್ ಸುಡೋ ಲೆಕ್ಕ, ಒಟ್ಟು 15 ಕೋಟಿ ಡಾಲರ್. ಅದ್ರಲ್ಲಿ 7 ಕೋಟಿ ಚಿಲ್ರೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿಂದು, ಅರ್ಧ ಸಾಲ ಅರ್ಧ ಗ್ರಾಂಟ್. ಒಟ್ಟು ಖರ್ಚು ಹಂಚಿದ್ರೆ ಆ ದೇಶದ ಒಬ್ಬೊಬ್ಬರ ತಲೆಗೂ 300 ಡಾಲರ್ ಹತ್ರ ಬೀಳುತ್ತೆ, ಒಂದೇ ಒಂದು ಪ್ಲಾಂಟ್‌ಗೆ!

ಆದ್ರೆ ನಾವಿದ್ದ ದ್ವೀಪದಲ್ಲಿ ಕಂಡಿದ್ದೇ ಬೇರೆ. ಬೆಳಿಗ್ಗೆ ಹೆಂಗಸ್ರು ಕಡ್ಡಿಪೊರಕೆ ಹಿಡ್ಕೊಂಡು ರೋಡೆಲ್ಲ ಎಷ್ಟು ನೀಟಾಗಿ ಗುಡಿಸ್ತಾರೆ ಅಂದ್ರೆ ಮರಳಲ್ಲಿ ಗೀರು ಗೀರು ಕಾಣುತ್ತೆ, ಒಂದು ಎಲೆ ಬಿದ್ದಿರಲ್ಲ. ಅದೇ ಬಂದರಿನ ಆಚೆ ಹೋಗಿ ನೋಡಿದ್ರೆ ಬೇಲಿ ಒಳಗೆ ಚೀಲದ ಮೇಲೆ ಚೀಲ, ಮಳೆ ನೀರು ಕುಡ್ದು ಊದ್ಕೊಂಡಿವೆ, ಕೆಳಗಿಂದ ಕಪ್ಪು ನೀರು ಸಮುದ್ರದ ಕಡೆಗೆ ಇಳೀತಿದೆ. ಒಬ್ಬ ಹುಡುಗ ಗ್ಲೌಸ್ ಇಲ್ದೆ ಡಯಪರ್ ಒಂದ್ಕಡೆ, ನೀರಿನ ಬಾಟ್ಲಿ ಒಂದ್ಕಡೆ ಬೇರೆ ಮಾಡ್ತಿದ್ದ, ಕಸ ಒಯ್ಯೋ ಬೋಟ್ ಯಾವಾಗ ಬರುತ್ತೆ ಅಂತ ಕೇಳಿದ್ರೆ ನಕ್ಕು ಸುಮ್ನಾದ. ಆ ಬಾಟ್ಲಿಗಳಲ್ಲಿ ಅರ್ಧ ನಮ್ಮಂಥ ಟೂರಿಸ್ಟ್‌ಗಳದ್ದೇ ಅಂತ ನೋಡಿದ್ರೆ ಗೊತ್ತಾಗುತ್ತೆ.

ಇಲ್ಲೇ ನೋಡಿ ಸಮಸ್ಯೆ ಇರೋದು. ಜನ ವಾಸ ಇರೋ ದ್ವೀಪಗಳೇ 180ಕ್ಕೂ ಹೆಚ್ಚು, ಎಲ್ಲಾ ಚದುರಿ ಹೋಗಿವೆ, ಕಸ ಸುಡೋ ಖರ್ಚಿಗಿಂತ ಅದನ್ನ ಬೋಟಲ್ಲಿ ಸಾಗಿಸೋದೇ ತಲೆನೋವು, ಡೀಸೆಲ್ ಬೇಕು, ಬೋಟ್ ಬೇಕು, ಸಮುದ್ರ ಕೆರಳಿದ್ರೆ ಎಲ್ಲಾ ನಿಂತೋಗುತ್ತೆ. ದೊಡ್ಡ ಪ್ಲಾಂಟ್‌ಗೆ ಸಾಲ ಸಿಗುತ್ತೆ, ಉದ್ಘಾಟನೆ ಮಾಡಬಹುದು, ಪ್ರತಿ ವಾರ ತಪ್ಪದೆ ಬರೋ ಬೋಟ್‌ಗೆ ಯಾರು ರಿಬ್ಬನ್ ಕಟ್ ಮಾಡ್ತಾರೆ? ಗ್ರೀನ್ ಟ್ಯಾಕ್ಸ್ ದುಡ್ಡಲ್ಲಿ ದೊಡ್ಡ ಪಾಲು ಈ ಬೋಟ್‌ಗೆ, ಆ ಹುಡುಗನ ಗ್ಲೌಸ್‌ಗೆ, ಆ ಕಸದ ಚೀಲಗಳ ಮೇಲೆ ಒಂದು ಚಾವಣಿಗೆ ಹೋಗ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮತ್ತೆ ಬಿಲ್ಲಲ್ಲಿ ಬರೀ ಟ್ಯಾಕ್ಸ್ ಅಂತ ಹಾಕೋ ಬದ್ಲು, ಹೋದ ವರ್ಷ ಈ ದ್ವೀಪಕ್ಕೆ ಇಷ್ಟು ವಾಪಸ್ ಬಂತು ಅಂತ ಬಂದರಲ್ಲಿ ಒಂದು ಬೋರ್ಡ್ ಹಾಕ್ಲಿ, ಕೊಡೋವ್ರಿಗೂ ಖುಷಿ, ಊರವ್ರಿಗೂ ಕೇಳೋಕೆ ಧೈರ್ಯ ಬರುತ್ತೆ.

ರೇಟಿಂಗ್ 5ಕ್ಕೆ 3. ಹೋಗೋರು ಸ್ಟೀಲ್ ಬಾಟ್ಲಿ ತಗೊಂಡೋಗಿ, ಫಿಲ್ಟರ್ ನೀರು ಕೊಡೋ ಗೆಸ್ಟ್‌ಹೌಸೇ ನೋಡಿ ಬುಕ್ ಮಾಡಿ, ಬ್ಯಾಟ್ರಿ, ಖಾಲಿ ಸನ್‌ಸ್ಕ್ರೀನ್ ಟ್ಯೂಬ್ ಎಲ್ಲಾ ಬ್ಯಾಗಲ್ಲಿ ಹಾಕ್ಕೊಂಡು ವಾಪಸ್ ತನ್ನಿ.