ಸ್ಕ್ರೀನ್ ಮೇಲೆ ಟೈಮ್ ಒಂದು ಗಂಟೆ ತಪ್ಪು ಕಂಡ್ರೆ ಮುಟ್ಬ್ಯಾಡ್ರಿ, ನಾನು ಮುಟ್ಟಿ ಕೆಟ್ಟೆ

ದೀಪಾವಳಿ ಮುಗೀತು, ಅಮೆರಿಕದಲ್ಲಿ ಈ ವರ್ಷ (2025) ಗಡಿಯಾರನ ಒಂದು ಗಂಟೆ ಹಿಂದಕ್ಕೆ ತಿರುಗಿಸೋ ನವೆಂಬರ್ 2 ಹತ್ರ ಬಂತು, ಅದಕ್ಕೇ ಈಗ್ಲೇ ಬರೀತಿದೀನಿ. ದಾವಣಗೆರೆಲಿ ಕೂತು ಅಮೆರಿಕದವ್ರಿಗೆ ರಾತ್ರಿ ಪಾಳಿ ಮಾಡೋರು ಇದನ್ನ ಪೂರ್ತಿ ಓದ್ರಿ, ಇಲ್ಲಾಂದ್ರೆ ನನ್ನ ಥರ ಬೈಸ್ಕೊಳ್ತೀರಿ.

ನಮ್ದು ವಿದ್ಯಾನಗರದಲ್ಲಿ ಆರು ಜನದ ಸಣ್ಣ ಆಫೀಸು. ಓಹಾಯೋದಲ್ಲಿ ವಯಸ್ಸಾದವ್ರ ಮನೆಗೆ ನರ್ಸ್ ಕಳ್ಸೋ ಒಂದು ಕಂಪ್ನಿ ಐತೆ, ಅಲ್ಲಿಯವ್ರು ವಿಸಿಟ್ ಬುಕ್ ಮಾಡ್ತಾರೆ, ನಾವು ಪೇಷಂಟ್‌ಗೆ ಫೋನ್ ಮಾಡಿ ಕನ್ಫರ್ಮ್ ಮಾಡೋದು, ಏನಾದ್ರೂ ಬದಲಾದ್ರೆ ಶೆಡ್ಯೂಲ್‌ನಲ್ಲಿ ತಿದ್ದೋದು. ಡಿಸೆಂಬರ್‌ನಲ್ಲಿ ಶುರು ಮಾಡಿದ್ವಿ. ಅಲ್ಲಿ ಬೆಳಿಗ್ಗೆ 9 ಅಂದ್ರೆ ನಮಗೆ ಸಂಜೆ 7:30, ಹತ್ತೂವರೆ ಗಂಟೆ ವ್ಯತ್ಯಾಸ, ಮೂರು ತಿಂಗಳಲ್ಲಿ ಅದು ಬಾಯಿಪಾಠ ಆಗೋಗಿತ್ತು.

ಮಾರ್ಚ್ 9, ಭಾನುವಾರ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರನ ಸೀದಾ 3ಕ್ಕೆ ತಿರುಗಿಸ್ತಾರೆ, 2007ರಿಂದ ಹಿಂಗೇ ನಡೀತಿದೆ. ಓಹಾಯೋದಲ್ಲಿ ಅದು ಆಗುವಾಗ ನಮಗೆ ಭಾನುವಾರ ಮಧ್ಯಾಹ್ನ 12:30, ನಾನು ಮನೇಲಿ ಊಟಕ್ಕೆ ಕೂತಿದ್ದೆ, ಏನೂ ಗೊತ್ತಿಲ್ಲ. ಸೋಮವಾರ ಎಂದಿನಂಗೆ 7:30ಕ್ಕೆ ಆಫೀಸಿಗೆ ಹೋದ್ರೆ ಆ ಕಡೆಯವ್ರು ಯಾಕ್ರಿ ಒಂದು ಗಂಟೆ ಲೇಟು ಅಂತ ಮೆಸೇಜ್ ಹಾಕಿದ್ರು, ಅಲ್ಲಿ ಆಗ್ಲೇ 10 ಆಗಿತ್ತು. ಇದೇನೋ ಡೇಲೈಟ್ ಸೇವಿಂಗ್ ಅಂತೆ, ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಟ್ಟು ಚಳಿಗಾಲಕ್ಕೆ ವಾಪಸ್ ತರೋದಂತೆ ಅಂತ ಆವತ್ತೇ ಗೊತ್ತಾಗಿದ್ದು.

ಆಮೇಲೆ ನಾಳೆಯ ಲಿಸ್ಟ್ ತೆಗೆದ್ರೆ ದಿನದ ಮೊದ್ಲನೇ ವಿಸಿಟ್ ಯಾವಾಗ್ಲೂ 9ಕ್ಕೆ ಇರೋದು 8 ಅಂತ ತೋರಿಸ್ತಿದೆ, 11ರದ್ದು 10 ಅಂತ, ವಾರಪೂರ್ತಿ ಹಂಗೇ. ನಾನೇನಂದ್ಕೊಂಡೆ, ಗಡಿಯಾರ ಮುಂದೆ ಹೋಗಿದೆ, ಸಾಫ್ಟ್‌ವೇರ್ ಮಾತ್ರ ಬುಕಿಂಗ್‌ಗಳನ್ನ ಮುಂದೆ ತಳ್ಳಿಲ್ಲ, ನಾವೇ ತಳ್ಳಬೇಕು ಅಂತ. ಯಾರನ್ನೂ ಕೇಳಲಿಲ್ಲ. ರಾತ್ರಿ ಎರಡು ಗಂಟೆವರೆಗೂ ಕೂತು 143 ವಿಸಿಟ್‌ನ ಒಂದೊಂದಾಗಿ ತೆಗೆದು ಒಂದೊಂದು ಗಂಟೆ ಮುಂದಕ್ಕೆ ಹಾಕಿದೆ. ಬೆಳಿಗ್ಗೆ ಬೆಣ್ಣೆದೋಸೆ ತಿಂತಾ ಫ್ರೆಂಡ್ಸ್ ಮುಂದೆ ಕೊಚ್ಕೊಂಡಿದ್ದೂ ಆಯ್ತು.

ಮಂಗಳವಾರ ಸಂಜೆ ಫೋನ್ ಮೇಲೆ ಫೋನ್. ನರ್ಸ್‌ಗಳೆಲ್ಲ ಒಂದು ಗಂಟೆ ಲೇಟಾಗಿ ಹೋಗಿದಾರೆ. ಶುಗರ್ ಇರೋ ಒಬ್ಬ ಅಜ್ಜಿ ಇನ್ಸುಲಿನ್ ಹಾಕೋಕೆ ನರ್ಸ್ ಬರ್ತಾರೆ ಅಂತ ತಿಂಡಿನೂ ತಿನ್ನದೆ ಕಾಯ್ತಾ ಕೂತಿದ್ರಂತೆ. ಅದನ್ನ ಕೇಳಿ ಮಾತ್ರ ನನಗೆ ಕೈಕಾಲು ತಣ್ಣಗಾಯ್ತು.

ಆಗಿದ್ದು ಏನಂದ್ರೆ, ಇಂಥ ಸಾಫ್ಟ್‌ವೇರ್‌ಗಳು ಒಳಗೆ ಟೈಮ್‌ನ ಯುಟಿಸಿ, ಅಂದ್ರೆ ಇಡೀ ಜಗತ್ತಿಗೆ ಒಂದೇ ಆಗಿರೋ ಟೈಮ್ ಲೆಕ್ಕದಲ್ಲಿ ಇಟ್ಕೊಂಡಿರ್ತಾವೆ, ನಿಮ್ಮ ಪ್ರೊಫೈಲ್‌ನಲ್ಲಿ ಯಾವ ಟೈಮ್ ಝೋನ್ ಇದೆಯೋ ಆ ಪ್ರಕಾರ ತಿರುಗಿಸಿ ತೋರಿಸ್ತಾವೆ. ಡಿಸೆಂಬರ್‌ನಲ್ಲಿ ನಮ್ಮ ಪ್ರೊಫೈಲ್ ಮಾಡಿದವ್ರು 'ಇಎಸ್‌ಟಿ' (ಈಸ್ಟರ್ನ್ ಸ್ಟ್ಯಾಂಡರ್ಡ್ ಟೈಮ್, ಆ ಕಡೆಯ ಚಳಿಗಾಲದ ಟೈಮ್) ಅಂತ ಆರಿಸಿದ್ರು. ಚಳಿಗಾಲದಲ್ಲಿ ಅದು ಸರಿನೇ ಐತೆ, ಯುಟಿಸಿಗಿಂತ 5 ಗಂಟೆ ಹಿಂದೆ. ಬೇಸಿಗೆ ಬಂದ್ರೆ ಓಹಾಯೋ ಯುಟಿಸಿಗಿಂತ 4 ಗಂಟೆ ಅಷ್ಟೇ ಹಿಂದೆ ಇರುತ್ತೆ, ನಮ್ಮ ಇಎಸ್‌ಟಿ ಮಾತ್ರ 5ರಲ್ಲೇ ಕಲ್ಲಾಗಿ ಕೂತಿರುತ್ತೆ. ಅದೇ ಲಿಸ್ಟ್‌ನಲ್ಲಿ ಕೆಳಗೆ 'ಅಮೆರಿಕ/ನ್ಯೂಯಾರ್ಕ್' ಅಂತಾನೂ ಇತ್ತು, ಓಹಾಯೋಗೂ ಅದೇ ಟೈಮು, ಊರಿನ ಹೆಸರಿರೋ ಅದನ್ನ ಆರಿಸಿದ್ರೆ ಗಡಿಯಾರ ತಿರುಗೋ ದಿನ ತಾನೇ ಬದಲಾಗುತ್ತೆ. ಅಂದ್ರೆ 9ರ ವಿಸಿಟ್ ಒಳಗೆ ಸರಿಯಾಗೇ ಇತ್ತು, ನಮ್ಮ ಸ್ಕ್ರೀನ್‌ಗೆ ಮಾತ್ರ 8 ಅಂತ ಕಾಣ್ತಿತ್ತು. ನಾನು ಅದನ್ನ 9 ಮಾಡಿದ ತಕ್ಷಣ ಓಹಾಯೋದವ್ರ ಫೋನಲ್ಲಿ 10 ಆಯ್ತು.

ನಮ್ ಸಾರ್‌ಗೆ ಇದನ್ನ ಒಪ್ಸೋಕೇ ಅರ್ಧ ಗಂಟೆ ಬೇಕಾಯ್ತು, ಯಾಕಂದ್ರೆ ವಿಂಡೋಸ್‌ನಲ್ಲಿ ಈಸ್ಟರ್ನ್ ಟೈಮ್ ಮುಂದೆ 'ಯುಟಿಸಿ-05:00' ಅಂತಾನೇ ಬರೆದಿರುತ್ತೆ, ನೋಡೋ ಅದೇ 5 ಅಂತಿದೆ ನೀನೇನ್ ಹೇಳ್ತೀಯ ಅಂತ ಅವ್ರು. ಆ ಹೆಸರಲ್ಲಿರೋ 5 ಬೇಸಿಗೇಲೂ ಬದಲಾಗಲ್ಲ ಕಣ್ರಿ, ಅದು ಬರೀ ಹೆಸರು, ಒಳಗಿನ ಲೆಕ್ಕ ಮಾತ್ರ ಬದಲಾಗಿರುತ್ತೆ. ಇಷ್ಟು ಜನನ ಗೊಂದಲಕ್ಕೆ ಹಾಕೋ ಹೆಸರನ್ನ ಯಾಕಿಟ್ರೋ ಪುಣ್ಯಾತ್ಮರು.

ಇದರ ಮಧ್ಯ ಪಕ್ಕದ ಸೀಟಿನ ಹುಡುಗ ಇನ್ನೊಂದು ಸಾಹಸ ಮಾಡಿದ್ದ, ಟೈಮ್ ಝೋನ್ ಮುಟ್ಟದೆ ಕಂಪ್ಯೂಟರ್ ಗಡಿಯಾರನೇ ಕೈಯಾರೆ ಒಂದು ಗಂಟೆ ಮುಂದೆ ಇಟ್ಟಿದ್ದ. ಝೋನ್ ಬದಲಿಸಿದ್ರೆ ತೋರ್ಸೋದಷ್ಟೇ ಬದಲಾಗುತ್ತೆ, ಗಡಿಯಾರ ತಿರುಗಿಸಿದ್ರೆ ನಿಜವಾದ ಟೈಮೇ ತಪ್ಪಾಗುತ್ತೆ. ಲಾಗಿನ್‌ಗೆ 30 ಸೆಕೆಂಡಿಗೊಮ್ಮೆ ಬದಲಾಗೋ ಆರಂಕಿ ಕೋಡ್ ಇರುತ್ತಲ್ಲ, ಅವನು ಅದನ್ನ ಅದೇ ಕಂಪ್ಯೂಟರ್‌ನಲ್ಲಿ ಇಟ್ಕೊಂಡಿದ್ದ, ಅದು ಟೈಮ್ ನೋಡ್ಕೊಂಡೇ ಹುಟ್ಟೋದು, ಹಾಕಿದ ಕೋಡೆಲ್ಲ ತಪ್ಪು ತಪ್ಪು ಅಂತ ಬಂದು ಅಕೌಂಟ್ ಲಾಕ್.

ಸರಿ ಮಾಡಿದ್ದು ಹೆಂಗಂದ್ರೆ, ಮೊದ್ಲು ಎಲ್ಲರ ಪ್ರೊಫೈಲ್‌ನ ನ್ಯೂಯಾರ್ಕ್‌ಗೆ ತಂದ್ವಿ. ತಕ್ಷಣ 9ರ ವಿಸಿಟ್‌ಗಳಲ್ಲಿ ನಾನು ಮುಟ್ಟಿದ್ದೆಲ್ಲ 10 ಅಂತ, ಮುಂದಿನ ವಾರದ್ದು ಅಂದ್ರೆ ನಾನು ಮುಟ್ಟದೆ ಉಳಿದದ್ದು 9 ಅಂತ ಕಾಣ್ತು, ಕಳ್ಳ ಸಿಕ್ಕಿಬಿದ್ದಂಗೆ. ಪುಣ್ಯಕ್ಕೆ ಪ್ರತಿ ಎಂಟ್ರಿಲೂ ಕೊನೇಗೆ ತಿದ್ದಿದ್ದು ಯಾರು, ಯಾವಾಗ ಅಂತ ಇರುತ್ತೆ. ಲಿಸ್ಟ್‌ನ ಒಂದು ಕಾಪಿ ಎಕ್ಸೆಲ್‌ಗೆ ಇಳಿಸಿ ಇಟ್ಕೊಂಡು, ಮಾರ್ಚ್ 10ರಂದು ನನ್ನ ಐಡಿಯಿಂದ ತಿದ್ದಿರೋದನ್ನ ಮಾತ್ರ ಫಿಲ್ಟರ್ ಮಾಡಿ, ದಿನ ಕಳೆದಿದ್ದನ್ನ ಬಿಟ್ಟು ಮಿಕ್ಕಿದ್ದನ್ನ ಒಂದು ಗಂಟೆ ಹಿಂದಕ್ಕೆ ತಂದೆ.

ಅಷ್ಟಕ್ಕೇ ಮುಗೀಲಿಲ್ಲ. ಫೆಬ್ರವರಿಲಿ ನಾವೇ ಕೂತು ಮಾರ್ಚ್ ಕೊನೇವಾರಕ್ಕೆ ಹಾಕಿದ್ದ 11 ಬುಕಿಂಗ್ ಇದ್ವು. ಇಎಸ್‌ಟಿ ಪ್ರೊಫೈಲ್‌ನಲ್ಲಿ 9 ಅಂತ ಟೈಪ್ ಮಾಡಿದ್ದು ಒಳಗೇ ತಪ್ಪಾಗಿ ಕೂತಿತ್ತು, ನಮ್ಮ ಹಳೇ ಸ್ಕ್ರೀನ್‌ಗೆ 9 ಅಂತ ಚೆನ್ನಾಗೇ ಕಾಣೋದು, ಓಹಾಯೋದವ್ರಿಗೆ 10. ನೋಡ್ರಿ, ತಪ್ಪು ಕಂಡಿದ್ದು ಸರಿ ಇತ್ತು, ಸರಿ ಕಂಡಿದ್ದು ತಪ್ಪಿತ್ತು. ಅದಕ್ಕೇ ಹೇಳೋದು, ಒಂದೇ ಒಂದು ಎಂಟ್ರಿ ತಗೊಂಡು ಆ ಕಡೆಯವ್ರಿಗೆ ಸ್ಕ್ರೀನ್‌ಶಾಟ್ ಕಳ್ಸಿ, ನಿಮಗೆ ಎಷ್ಟು ಗಂಟೆ ಅಂತ ತೋರಿಸ್ತಿದೆ ಕೇಳ್ರಿ, ಎಂಟ್ರಿ ಹಾಕಿದ್ದು ಯಾರು ಅಂತಾನೂ ನೋಡ್ರಿ, ಆಮೇಲೆ ಕೈ ಹಾಕ್ರಿ.

ಅರಿಜೋನಾ ಕ್ಲೈಂಟ್ ಇರೋರಿಗೆ ಈ ತಲೆನೋವಿಲ್ಲ, ಅಲ್ಲಿನ ಫೀನಿಕ್ಸ್ ಊರಲ್ಲಿ ಗಡಿಯಾರ ತಿರುಗಿಸೋದೇ ಇಲ್ಲ, ವರ್ಷಪೂರ್ತಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಲಂಡನ್‌ನವ್ರದ್ದು ಬೇರೆನೇ ತಾರೀಖು, ಮಾರ್ಚ್ ಕೊನೇ ಭಾನುವಾರ. ಈ ಸಲ ಅದು ಸರಿಯಾಗಿ ಯುಗಾದಿ ದಿನವೇ ಬಂದಿತ್ತು, ನಾವು ಬೆಳಿಗ್ಗೆ 6:30ಕ್ಕೆ ಎಣ್ಣೆ ಹಚ್ಕೊಂಡು ಕೂತಾಗ ಅಲ್ಲಿ ಗಡಿಯಾರ ತಿರುಗ್ತು.

ಈಗ ನವೆಂಬರ್ 2ರ ವಿಷಯ. ನಮ್ಮ ಟೈಮ್ ಬೆಳಿಗ್ಗೆ 11:30ಕ್ಕೆ ಅಲ್ಲಿ 2 ಗಂಟೆ ಮತ್ತೆ 1 ಆಗುತ್ತೆ, ಸೋಮವಾರದಿಂದ ಪಾಳಿ ಮತ್ತೆ 7:30ಕ್ಕೆ. ಆ ರಾತ್ರಿ ಗಡಿಯಾರದಲ್ಲಿ 1:30 ಅನ್ನೋ ಟೈಮ್ ಎರಡು ಸಲ ಬರುತ್ತೆ, ಹಂಗಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರ ಡ್ಯೂಟಿ ಮಾಡೋ ನರ್ಸ್ ನಿಜವಾಗಿ 9 ಗಂಟೆ ದುಡಿದಿರ್ತಾರೆ, ಟೈಮ್‌ಶೀಟ್‌ನಲ್ಲಿ ಬರೀ ಶುರುವಿನ ಗಂಟೆ, ಮುಗಿದ ಗಂಟೆ ಕಳೆದು ಲೆಕ್ಕ ಹಾಕಿದ್ರೆ 8 ಅಂತಾನೇ ಬರುತ್ತೆ. ನಮ್ಮ ಸಾಫ್ಟ್‌ವೇರ್ ಯಾವ ಲೆಕ್ಕ ಹಿಡಿಯುತ್ತೆ ಅಂತ ಕೇಳಿ ಆ ಕಡೆಯವ್ರಿಗೆ ಮೊನ್ನೆನೇ ಮೇಲ್ ಹಾಕಿದೀನಿ, ರಿಪ್ಲೈ ಇನ್ನೂ ಬಂದಿಲ್ಲ, ಇವತ್ತು ಸಂಜೆ ಫೋನೇ ಮಾಡ್ತೀನಿ.