ಜೀಬೋರ್ಡ್, ಹೆಲಿಬೋರ್ಡ್, ಕಗಪ: ಕನ್ನಡ ಬರೆಯಲು ಯಾವುದು ವಾಸಿ?

ಫೋನಿಗೆ ಹೊಸ ಕೀಬೋರ್ಡ್ ಹಾಕಿದಾಗ ಆಂಡ್ರಾಯ್ಡ್ ಒಂದು ಎಚ್ಚರಿಕೆ ತೋರಿಸುತ್ತದೆ: ಪಾಸ್‌ವರ್ಡ್ ಸೇರಿ ನೀವು ಒತ್ತಿದ್ದನ್ನೆಲ್ಲ ಇದು ಸಂಗ್ರಹಿಸಬಹುದು. ಹೆಚ್ಚಿನವರು ಓದದೆ ಓಕೆ ಒತ್ತುತ್ತಾರೆ. ಸಿಗ್ನಲ್ ಆಗಲಿ ವಾಟ್ಸಾಪ್ ಆಗಲಿ, ಸಂದೇಶಕ್ಕೆ ಬೀಗ ಬೀಳುವ ಮೊದಲೇ ಪ್ರತಿ ಅಕ್ಷರವೂ ಕೀಬೋರ್ಡಿನ ಕೈ ದಾಟಿರುತ್ತದೆ. ಅನಿಸಿದ್ದನ್ನು ಅಂಜದೆ ಬರೆಯಬೇಕೆನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಮೂರನ್ನೂ ಒರೆಗೆ ಹಚ್ಚಿದ್ದು ಒಂದೇ ವಾಕ್ಯದಿಂದ: "ರಾಜಕಾಲುವೆ ಒತ್ತುವರಿ ಬಗ್ಗೆ ಆರ್‌ಟಿಐ ಅರ್ಜಿ ಹಾಕಿ ತಿಂಗಳಾಯಿತು." ಬೆಂಗಳೂರಿನಲ್ಲಿ ಯಾವ ಬಡಾವಣೆಯವರಾದರೂ ಬರೆಯಬಹುದಾದ ಮಾತು. ಒತ್ತಕ್ಷರ, ಅರ್ಕಾವತ್ತು, ಇಂಗ್ಲಿಷ್ ಮೊದಲಕ್ಷರಗಳು ಎಲ್ಲ ಇದರಲ್ಲಿವೆ.

ಗೂಗಲ್‌ನ ಜೀಬೋರ್ಡ್ ಕಲಿಯಲು ಸುಲಭ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ಪದ ಊಹಿಸಿ ಕೊಡುತ್ತದೆ. ಧ್ವನಿ, ಕೈಬರಹ ಎರಡೂ ಇವೆ. ತೊಡಕು ಆ ಊಹೆಯಲ್ಲೇ. ಬೆಲೆ, ಬೆಳೆ, ಬೇಳೆ ಮೂರನ್ನೂ ನಾವು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಒಂದೇ ಥರ. "ಬೇಳೆ ಬೆಲೆ" ಎಂದು ಬರೆಯಹೊರಟರೆ ಎರಡು ಸಲ ಕಣ್ಣು ಸಲಹೆಪಟ್ಟಿಗೆ ಹೋಗಬೇಕು. ಹಳ್ಳಿ ಮತ್ತು ಹಲ್ಲಿಯದೂ ಅದೇ ಪಾಡು. ಅವಸರದಲ್ಲಿ ಕಳಿಸಿದ ಕನ್ನಡದಲ್ಲಿ ಕಾಣುವ ಎಷ್ಟೋ ತಪ್ಪು ಬರೆದವರದ್ದಲ್ಲ, ಪಟ್ಟಿಯಲ್ಲಿ ಮೊದಲು ನಿಂತ ಪದದ್ದು. ಇದರ ಮೂಲಕೋಡ್ ಮುಕ್ತವಲ್ಲ, ಇಂಟರ್ನೆಟ್ ಅನುಮತಿಯೂ ಇದೆ.

ಹೆಲಿಬೋರ್ಡ್ ಮುಕ್ತ ತಂತ್ರಾಂಶ, ಮುಕ್ತ ಆಪ್‌ಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲಿ ಸಿಗುತ್ತದೆ. ಇಂಟರ್ನೆಟ್ ಅನುಮತಿಯನ್ನು ಇದು ಕೇಳುವುದೇ ಇಲ್ಲ. ಬರೆದದ್ದನ್ನು ತಾನಾಗಿ ಹೊರಗೆ ಕಳಿಸಲು ದಾರಿಯೇ ಇಲ್ಲ. ನಂಬುವ ಅಗತ್ಯವಿಲ್ಲ, ಆಪ್ ಇನ್ಫೋದ ಅನುಮತಿಗಳ ಪೂರ್ತಿ ಪಟ್ಟಿ ತೆರೆದರೆ ಕಾಣುತ್ತದೆ. ಆದರೆ ಕಷ್ಟವೂ ಇದೆ. ಇಂಗ್ಲಿಷ್ ಅಕ್ಷರದಿಂದ ಕನ್ನಡಕ್ಕೆ ತಿರುಗಿಸುವುದಿಲ್ಲ, ಕೀಲಿಗಳ ಜೋಡಣೆ ಭಾರತೀಯ ಭಾಷೆಗಳಿಗೆ ಸರ್ಕಾರ ಗೊತ್ತುಮಾಡಿದ ಇನ್‌ಸ್ಕ್ರಿಪ್ಟ್ ಮಾದರಿಯದು. 'ಬ' ಒತ್ತಿ ಹಿಡಿದರೆ 'ಭ', 'ತ' ಹಿಡಿದರೆ 'ಥ'. ಕೀಲಿಗಳು ಕಿರಿದು, ಹೆಬ್ಬೆರಳು ಪಕ್ಕದ್ದಕ್ಕೆ ಜಾರುತ್ತದೆ. ಸೆಟ್ಟಿಂಗ್‌ನಲ್ಲಿ ಎತ್ತರ ಹೆಚ್ಚಿಸಿದರೆ ವಾಸಿ. ಪದಕೋಶದ ಫೈಲನ್ನೂ ನಾವೇ ಇಳಿಸಿ ಸೇರಿಸಬೇಕು.

ಕಂಪ್ಯೂಟರಿಗೆ ಬಂದರೆ ನಮ್ಮ ಆಯ್ಕೆ ಕಗಪ (ಕೆಜಿಪಿ) ಎಂಬ ಕೀಲಿಜೋಡಣೆ, ಕಂಪ್ಯೂಟರಿನಲ್ಲಿ ಕನ್ನಡಕ್ಕೆ ದಾರಿ ಹಾಕಿದ ಕೆ. ಪಿ. ರಾವ್ ಅವರ ಜೋಡಣೆಯಿಂದ ಬೆಳೆದದ್ದು. ಇಂಗ್ಲಿಷ್ ಕೀಲಿಮಣೆಯ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ "ಕನ್ನಡ": ಐದೇ ಒತ್ತು. ಎಫ್ ಎಂದರೆ ಹಲಂತ, ಅಂದರೆ ಅಕ್ಷರದ ಸ್ವರ ತೆಗೆಯುವ ಗುರುತು, ಅದರ ಮುಂದಿನ ವ್ಯಂಜನ ಒತ್ತಾಗಿ ಕೂರುತ್ತದೆ. 'ಅರ್ಜಿ'ಯ ಅರ್ಕಾವತ್ತೂ ಹಾಗೆಯೇ: ಎ, ಆರ್, ಎಫ್, ಜೆ, ಐ. ಊಹೆಯಿಲ್ಲ, ಪಟ್ಟಿಯಿಲ್ಲ; ಒತ್ತಿದ್ದೇ ಬರುತ್ತದೆ.

ಉಬುಂಟು ಲಿನಕ್ಸ್‌ನಲ್ಲಿ, ಹಲವು ಭಾಷೆ ಬರೆಯಲು ನೆರವಾಗುವ ಐಬಸ್-ಎಂ17ಎನ್ (ibus-m17n) ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್ಔಟ್ ಆಗಿ ಬನ್ನಿ. ಕೀಬೋರ್ಡ್ ಸೆಟ್ಟಿಂಗ್‌ನ ಇನ್‌ಪುಟ್ ಸೋರ್ಸ್‌ಗೆ ಕನ್ನಡ ಕೆಜಿಪಿ ಸೇರಿಸಿ. ಎಡವುವುದು ಇಲ್ಲೇ: ಪಟ್ಟಿಯಲ್ಲಿ ಎಂ17ಎನ್ ಎಂದಿರುವುದನ್ನೇ ಆರಿಸಿ. ಕಗಪ ಹೆಸರಿನ ಇನ್ನೊಂದು, ಕೀಲಿಗೆ ಗೊತ್ತಾದ ಅಕ್ಷರವನ್ನಷ್ಟೇ ಕೊಡುವ ಬರಿಯ ಎಕ್ಸ್‌ಕೆಬಿ ಜೋಡಣೆ; ಅದು ಹಿಂದಿನ ಅಕ್ಷರವನ್ನು ನೋಡುವುದಿಲ್ಲ, ಹಾಗಾಗಿ ಒಂದೇ ಕೀಲಿ ಪದದ ಮೊದಲಲ್ಲಿ 'ಉ', ವ್ಯಂಜನದ ಮುಂದೆ ಕೊಂಬು ಆಗಿ ಬದಲಾಗದು.

ಆರ್‌ಟಿಐ ಮೂರಕ್ಕೂ ಸವಾಲು. 'ರ್' ಆದಮೇಲೆ ಕಾಣದ ಒಂದು ತಡೆ, ಯೂನಿಕೋಡ್ ಅಕ್ಷರಪಟ್ಟಿಯಲ್ಲಿ 200ಸಿ ಸಂಖ್ಯೆಯದು, ಇಲ್ಲದಿದ್ದರೆ ಅದು "ಆರ್ಟಿಐ" ಆಗುತ್ತದೆ. ಲಿಬ್ರೆಆಫೀಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಯು ಒತ್ತಿ 200ಸಿ ಹೊಡೆದು ಎಂಟರ್ ಒತ್ತಿದರೆ ಬರುತ್ತದೆ. ಹೆಲಿಬೋರ್ಡ್‌ನಲ್ಲಿ ಸರಿಯಾದ ಪದವನ್ನು ಒಮ್ಮೆ ಕಾಪಿ ಮಾಡಿ ಕ್ಲಿಪ್‌ಬೋರ್ಡ್‌ನಲ್ಲಿ ಪಿನ್ ಮಾಡಿಡಿ. 'ರ‍್ಯಾಲಿ' ಬೇರೆ ಕಥೆ: ಅಲ್ಲಿ 'ರ' ಮತ್ತು ಹಲಂತದ ನಡುವೆ 200ಡಿ ಎಂಬ ಕಾಣದ ಇನ್ನೊಂದು ಗುರುತು ಬೇಕು, ಇಲ್ಲವಾದರೆ 'ರ್ಯಾಲಿ' ಎಂದು ಅರ್ಕಾವತ್ತು ಬೀಳುತ್ತದೆ.

ದಿನದ ಹರಟೆಗೆ, ನಡೆಯುತ್ತಾ ಮಾತಾಡಿ ಬರೆಸಲು ಜೀಬೋರ್ಡ್ ಇರಲಿ. ದೂರು, ಅರ್ಜಿ, ಸುದ್ದಿಮೂಲದವರೊಂದಿಗಿನ ಮಾತು ಹೆಲಿಬೋರ್ಡ್‌ನಲ್ಲೇ ಆಗಲಿ. ಭೂಗೋಳದ ಗುರುತಿರುವ ಗುಂಡಿ ಒತ್ತಿ ಎರಡರ ನಡುವೆ ಓಡಾಡಬಹುದು ಎಂದುಕೊಳ್ಳಬೇಡಿ. ಅದು ಭಾಷೆ ಬದಲಿಸುತ್ತದೆಯೇ ಆಪ್ ಬದಲಿಸುತ್ತದೆಯೇ ಎಂಬುದು ಸೆಟ್ಟಿಂಗ್ ಮೇಲೆ ನಿಂತಿದೆ, ಒಮ್ಮೆ ನೋಡಿಕೊಳ್ಳಿ.

ಕರಪತ್ರ ಅಚ್ಚಿಗೆ ಕೊಡುವಾಗ ಡಿಟಿಪಿಯವರು ಯೂನಿಕೋಡ್‌ಗೆ ಮುಂಚಿನ ಹಳೆಯ ಆಸ್ಕಿ ಫಾಂಟ್ ಕೇಳಿದರೆ ಒಂದು ಪ್ರತಿಯನ್ನು ಮಾತ್ರ ಮಾರ್ಪಡಿಸಿ ಕೊಡಿ, ಯೂನಿಕೋಡ್ ಮೂಲ ನಿಮ್ಮ ಬಳಿಯೇ ಇರಲಿ. ಪ್ರೂಫ್ ಬಂದಾಗ ಮೊದಲು ಆರ್‌ಟಿಐ, ರ‍್ಯಾಲಿ ಎಂಬ ಪದಗಳನ್ನೇ ನೋಡಿ.